ರಾತ್ರಿ ತುಂಬಿದ ನೀರು ಬೆಳಿಗ್ಗೆ ಅರ್ಧ: ಹಳೆಯ ಕಾರಿನ ವಾಷರ್ ಟ್ಯಾಂಕ್ ಬದಲಿಸಿದ ಒಂದು ಪ್ರಕರಣ

ಕಾರು 2009ರಲ್ಲಿ ನೋಂದಣಿಯಾದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷದ ಆಯಸ್ಸು. ಅದಾದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ತಯಾರಿಗೆಂದು ವೈಪರ್ ಬ್ಲೇಡು, ಹಾರ್ನು, ಲೈಟುಗಳನ್ನೆಲ್ಲ ಸರಿಮಾಡಿಸಿ ಆಗಿತ್ತು. ಉಳಿದದ್ದು ಒಂದೇ ತಕರಾರು: ಗಾಜಿಗೆ ನೀರು ಚಿಮ್ಮಿಸುವ ಟ್ಯಾಂಕ್‌ನಲ್ಲಿ ನೀರು ನಿಲ್ಲುವುದಿಲ್ಲ.

ಇದಕ್ಕೆ ಮೊದಲೇ ಎರಡು ಕಡೆ ರಿಪೇರಿ ನಡೆದಿತ್ತು. ಮೊದಲ ಸಲ ಪಂಪ್ ಬದಲಾಯಿಸಿದರು. ಎರಡನೇ ಸಲ ಪಂಪ್ ಕೂರುವ ತೂತಿನ ರಬ್ಬರ್ ಉಂಗುರ, ಅಂದರೆ ಗ್ರೊಮೆಟ್ ಬದಲಾಯಿಸಿ, ಅದರ ಸುತ್ತ ಎಂ-ಸೀಲ್ ಮೆತ್ತಿದರು. ಎರಡೂ ಸಲ ಮೂರ್ನಾಲ್ಕು ದಿನಕ್ಕೆ ಅದೇ ಕಥೆ. ಎರಡೂ ಕಡೆ ಮೆಕ್ಯಾನಿಕ್ ಹೇಳಿದ್ದು ಸುಳ್ಳೇನಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದರೆ ನೀರು ತೊಟ್ಟಿಕ್ಕುತ್ತಿದ್ದದ್ದು ಪಂಪಿನ ತುದಿಯಿಂದಲೇ. ಆದರೆ ಮನೆಯ ಸೂರು ಸೋರುವಾಗ ಹನಿ ಬೀಳುವ ಜಾಗದಲ್ಲೇ ಹೆಂಚು ಒಡೆದಿರುತ್ತದೆ ಎಂದೇನಿಲ್ಲವಲ್ಲ.

ಸೋರುತ್ತಿರುವುದು ವಾಷರ್ ನೀರೇ ಹೌದೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಎಸಿ ಓಡಿದ ಮೇಲೆ ಮುಂದಿನ ಪ್ರಯಾಣಿಕರ ಕಾಲಿನ ಭಾಗದ ಕೆಳಗೆ ಬೀಳುವ ಶುದ್ಧ ನೀರು ಸಹಜ, ಅದು ಸೋರಿಕೆಯಲ್ಲ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣವಿದ್ದು ಬೆರಳಿಗೆ ಜಿಡ್ಡು ಹತ್ತಿದರೆ ಅದು ರೇಡಿಯೇಟರ್ ಕೂಲಂಟ್. ಅಂಥ ಕಾರನ್ನು ಓಡಿಸುವುದೇ ತಪ್ಪು. ಇಲ್ಲಿ ಬೀಳುತ್ತಿದ್ದದ್ದು ಬಣ್ಣವಿಲ್ಲದ ನೀರು, ಎಡ ಮುಂಚಕ್ರದ ಮುಂದೆ, ಬಂಪರ್ ಮೂಲೆಯ ಕೆಳಗೆ. ಟ್ಯಾಂಕ್ ಇರುವುದೂ ಅಲ್ಲೇ. ಬಾನೆಟ್ ಎತ್ತಿದರೆ ಕಾಣುವುದು ನೀರು ತುಂಬುವ ಕೊಳವೆಯ ಬಾಯಿ ಮತ್ತು ನೀಲಿ ಮುಚ್ಚಳ ಮಾತ್ರ. ಸುಮಾರು ಎರಡೂವರೆ ಲೀಟರಿನ ಹೊಟ್ಟೆಯೆಲ್ಲ ಚಕ್ರದ ಕಮಾನಿನ ಪ್ಲಾಸ್ಟಿಕ್ ಲೈನಿಂಗ್‌ನ ಹಿಂದೆ ಅಡಗಿರುತ್ತದೆ.

ನೀರು ಎಲ್ಲಿ ನಿಲ್ಲುತ್ತದೆ

ಈ ಪ್ರಕರಣವನ್ನು ಬಿಡಿಸಿದ್ದು ಒಂದು ಬಡಪಾಯಿ ಪರೀಕ್ಷೆ. ಖರ್ಚಿಲ್ಲ, ಕಾರಿನ ಒಂದು ಸ್ಕ್ರೂ ಸಹ ಬಿಚ್ಚಬೇಕಿಲ್ಲ. ತೂತಿರುವ ಕೊಡದಲ್ಲಿ ನೀರು ತೂತಿನ ಮಟ್ಟದವರೆಗೆ ಇಳಿದು ನಿಲ್ಲುತ್ತದೆ. ಟ್ಯಾಂಕ್‌ನಲ್ಲೂ ಅಷ್ಟೇ. ಪಂಪಿನ ಗ್ರೊಮೆಟ್ ಇರುವುದು ಟ್ಯಾಂಕ್‌ನ ತಳದ ಹತ್ತಿರ. ಸೋರಿಕೆ ಅಲ್ಲಿಯೇ ಆಗಿದ್ದರೆ ಟ್ಯಾಂಕ್ ಹೆಚ್ಚೂಕಡಿಮೆ ಪೂರ್ತಿ ಖಾಲಿಯಾಗಬೇಕು.

ಸಂಜೆ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಕೊಳವೆಯ ಬಾಯಿಯವರೆಗೆ ನೀರು ತುಂಬಲಾಯಿತು. ಮುಚ್ಚಳ ಮುಚ್ಚಲಿಲ್ಲ. ಕಾರಣ ಇದೆ: ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಹಳೆಯ ಕಾರಿನಲ್ಲಿ ಅದು ಕೊಳೆ ಕಟ್ಟಿ ಮುಚ್ಚಿಹೋಗಿದ್ದರೆ ಒಳಗೆ ಗಾಳಿ ಸೇರದೆ ನೀರು ಇಳಿಯುವುದೂ ನಿಧಾನವಾಗುತ್ತದೆ. ಆಗ ಪರೀಕ್ಷೆಯೇ ದಾರಿ ತಪ್ಪಿಸುತ್ತದೆ. ಹತ್ತು ಗಂಟೆ ಬಿಟ್ಟು ಬೆಳಿಗ್ಗೆ ನೋಡಿದಾಗ ಮೇಲಿನಿಂದ ನೀರು ಕಾಣಲಿಲ್ಲ. ಆಗ ಒಂದು ಮೀಟರ್ ಉದ್ದದ ಪಾರದರ್ಶಕ ಸಣ್ಣ ಪೈಪನ್ನು ಕೊಳವೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ಮುಚ್ಚಿ ಹೊರಗೆ ಎಳೆಯಲಾಯಿತು. ಪೈಪಿನೊಳಗೆ ನಿಂತ ನೀರಿನ ಎತ್ತರವೇ ಟ್ಯಾಂಕ್‌ನಲ್ಲಿ ನಿಂತ ನೀರಿನ ಎತ್ತರ. ಆಮೇಲೆ ಒಂದು ಲೀಟರ್ ಬಾಟಲಿಯಲ್ಲಿ ಅಳೆದು ಮತ್ತೆ ಬಾಯಿವರೆಗೆ ತುಂಬಿದಾಗ ಹಿಡಿದದ್ದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ನೀರು ಒಳಗೇ ಉಳಿದಿತ್ತು.

ಪಂಪೂ ಗ್ರೊಮೆಟ್ಟೂ ನಿರಪರಾಧಿಗಳು ಎನ್ನಲು ಇಷ್ಟು ಸಾಕು. ಆದರೆ ಇದರಲ್ಲೊಂದು ತೊಡಕಿದೆ. ವಾಷರ್ ಪಂಪ್ ಒಂದು ಪುಟ್ಟ ಸೆಂಟ್ರಿಫ್ಯೂಗಲ್ ಪಂಪ್, ಒಳಗಿನ ರೆಕ್ಕೆ ತಿರುಗಿ ನೀರನ್ನು ತಳ್ಳುವಂಥದ್ದು. ನಿಂತಾಗ ಅದು ನೀರನ್ನು ತಡೆಯುವುದಿಲ್ಲ, ನೀರು ಅದರ ಮೂಲಕ ಹಾದು ಹೋಗುತ್ತದೆ. ಹಾಗಾಗಿ ಪಂಪಿನಿಂದ ಮೇಲೇರುವ 4 ಮಿ.ಮೀ. ಪೈಪು ಟ್ಯಾಂಕ್‌ನ ಅರ್ಧ ಎತ್ತರದಲ್ಲಿ ಒಡೆದಿದ್ದರೂ ನೀರು ಅದೇ ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ನಮ್ಮೂರುಗಳಲ್ಲಿ ಹೆಗ್ಗಣಗಳು ಈ ಪೈಪನ್ನು ಕಡಿಯುವುದು ಅಪರೂಪವೂ ಅಲ್ಲ. ಒಡೆದದ್ದು ಪೈಪೋ ಟ್ಯಾಂಕೋ ಎಂದು ಬಿಚ್ಚದೆ ತಿಳಿಯಲು ಒಬ್ಬರು ವಾಷರ್ ಲಿವರ್ ಎಳೆದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನೋಡಬೇಕು. ಪೈಪು ಒಡೆದಿದ್ದರೆ ಪಂಪ್ ಓಡುವಾಗ ಒಳಗೆ ಜೋರಾಗಿ ಚಿಮ್ಮುತ್ತದೆ, ಗಾಜಿಗೆ ಬರುವ ಧಾರೆ ಸೊರಗುತ್ತದೆ. ಇಲ್ಲಿ ಧಾರೆ ಗಟ್ಟಿಯಾಗಿತ್ತು, ಹನಿಯ ವೇಗ ಬದಲಾಗಲಿಲ್ಲ. ತುಂಬುವ ಹೊತ್ತಿನಲ್ಲಿ ಮಾತ್ರ ನೀರು ಸುರಿದು ಆಮೇಲೆ ನಿಂತಿದ್ದರೆ ಕೊಳವೆ ಟ್ಯಾಂಕ್‌ಗೆ ಸೇರುವ ಕೊರಳಿನ ಸೀಲ್ ಮೇಲೆ ಅನುಮಾನ ಪಡಬಹುದಿತ್ತು. ಅದೂ ಅಲ್ಲ. ಉಳಿದದ್ದು ಟ್ಯಾಂಕ್‌ನ ಮೈ.

ಬಿಚ್ಚಿದಾಗ ಕಂಡದ್ದು

ಬೇಕಾದ ಸಾಮಾನು: ಜಾಕ್, ಜಾಕ್ ಸ್ಟ್ಯಾಂಡ್, ಚಕ್ರದ ಪಾನ, 10ನೇ ನಂಬರ್ ಸಾಕೆಟ್ ಮತ್ತು ಉದ್ದನೆಯ ಎಕ್ಸ್‌ಟೆನ್ಶನ್, ಸ್ಟಾರ್ ಸ್ಕ್ರೂಡ್ರೈವರ್, ಕ್ಲಿಪ್ ಎತ್ತುವ ಕವಲು, ಟಾರ್ಚು, ಬಕೆಟ್ಟು. ಲೈನಿಂಗ್‌ನ ಪ್ಲಾಸ್ಟಿಕ್ ಕ್ಲಿಪ್ ಹತ್ತು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಜಾಣತನ. ಹದಿನೈದು ವರ್ಷ ಬಿಸಿಲು, ಕೆಸರು ತಿಂದ ಕ್ಲಿಪ್ ಎಷ್ಟೇ ನಯವಾಗಿ ಎತ್ತಿದರೂ ಅರ್ಧಕ್ಕರ್ಧ ಮುರಿಯುತ್ತವೆ.

ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಒತ್ತು ಕೊಟ್ಟು, ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಕಾಲು ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಹಳೆಯ ಕಾರಿನಲ್ಲಿ ಜಾಕ್ ಕೂರಿಸುವ ಅಂಚು ತುಕ್ಕು ಹಿಡಿದು ಮೆತ್ತಗಾಗಿದೆಯೇ ಎಂದು ಮೊದಲು ಒತ್ತಿ ನೋಡಿ. ಸ್ಟ್ಯಾಂಡ್ ಇಡದೆ ಬರೀ ಜಾಕ್ ನಂಬಿ ಕಮಾನಿನೊಳಗೆ ಕೈ, ತಲೆ ಹಾಕಬಾರದು. ಇದರಲ್ಲಿ ರಾಜಿಯಿಲ್ಲ. ಚಕ್ರ ತೆಗೆದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿಟ್ಟರೆ ಕೆಲಸ ನಿಶ್ಚಿಂತೆ.

ಲೈನಿಂಗ್‌ನ್ನು ಪೂರ್ತಿ ತೆಗೆಯಬೇಕಿಲ್ಲ. ಮುಂದಿನ ಅರ್ಧದ ಕ್ಲಿಪ್ ಮತ್ತು ಬಂಪರ್ ಅಂಚಿನ ಎರಡು ಸ್ಕ್ರೂ ಬಿಚ್ಚಿ ಹಿಂದಕ್ಕೆ ಮಡಚಿದರೆ ಟ್ಯಾಂಕ್ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಬಂಪರನ್ನೇ ಇಳಿಸದೆ ಗತಿಯಿಲ್ಲ. ಅದನ್ನು ಮೊದಲೇ ತಿಳಿದುಕೊಂಡು ಶುರುಮಾಡಿದರೆ ಒಳ್ಳೆಯದು.

ಮಡಚಿದ ಕೂಡಲೇ ಬಿದ್ದದ್ದು ಎರಡು ಬೊಗಸೆ ಒಣಗಿದ ಕೆಮ್ಮಣ್ಣು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದಾಗ ಕಥೆಯೆಲ್ಲ ಬಯಲಾಯಿತು. ಟ್ಯಾಂಕ್‌ಗೆ ಕಾರಿನ ಮೈಗೆ ಕೂರಲು ಎರಡು ಕಿವಿಗಳಿವೆ, ಮೇಲೊಂದು, ಕೆಳಗೊಂದು. ಮೇಲಿನ ಕಿವಿಯ ಬುಡದಲ್ಲಿ ಮೂರೂವರೆ ಸೆಂಟಿಮೀಟರ್ ಉದ್ದದ ಕೂದಲೆಳೆಯಂಥ ಬಿರುಕು. ಅಲ್ಲಿಂದ ಒಸರಿದ ನೀರು ಟ್ಯಾಂಕ್‌ನ ಅಚ್ಚಿನ ಏಣು ಹಿಡಿದು ಇಳಿದು, ಪಂಪಿನ ಮೇಲೆ ಹಾಯ್ದು, ಅದರ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಣಗಿದ ಗಡಸು ನೀರು ಆ ಹಾದಿಯುದ್ದಕ್ಕೂ ಬಿಳಿ ಗೆರೆ ಎಳೆದಿತ್ತು. ಇಂಥ ಸೋರಿಕೆಯಲ್ಲಿ ಕೊಳೆಯನ್ನು ಪ್ರೆಶರ್ ಪಂಪಿನಿಂದ ಮೊದಲೇ ತೊಳೆದುಬಿಟ್ಟರೆ ಸಾಕ್ಷಿಯೂ ತೊಳೆದುಹೋಗುತ್ತದೆ.

ಮುಖ್ಯವಾದದ್ದು ಕೆಳಗಿತ್ತು. ಕೆಳಗಿನ ಕಿವಿಗೆ ಬೋಲ್ಟೇ ಇರಲಿಲ್ಲ. ಬೋಲ್ಟ್ ಹಿಡಿಯಬೇಕಾದ ಕಡೆ ತಗಡಿಗೆ ಸಿಕ್ಕಿಸುವ ಸ್ಪ್ರಿಂಗ್ ನಟ್ ಬಿದ್ದುಹೋಗಿತ್ತು. ಹಿಂದೆ ಯಾವಾಗಲೋ ಬಂಪರ್ ಬಿಚ್ಚಿ ಹಾಕಿದಾಗ ಅದು ಕಳೆದು, ಬೋಲ್ಟ್ ಹಾಕದೆಯೇ ಲೈನಿಂಗ್ ಮುಚ್ಚಿರಬೇಕು. ಅಂದಿನಿಂದ ತುಂಬಿದ ಟ್ಯಾಂಕ್‌ನ ಎರಡೂವರೆ ಕಿಲೋ ಭಾರ ಒಂದೇ ಕಿವಿಯಿಂದ ನೇತಾಡುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಪ್ರತಿ ಗುಂಡಿಗೂ ಆ ಕಿವಿಯ ಬುಡ ಬಾಗಿ ನೆಟ್ಟಗಾಗುತ್ತಿತ್ತು. ಬಗ್ಗಿಸಿ ಬಗ್ಗಿಸಿ ತಂತಿ ಮುರಿಯುವ ಹಾಗೆ ಪ್ಲಾಸ್ಟಿಕ್ಕೂ ಸೀಳಿತು. ಸ್ಪ್ರಿಂಗ್ ನಟ್ ಹಾಕದೆ ಹೊಸ ಟ್ಯಾಂಕ್ ಕೂರಿಸಿದ್ದರೆ ಅದರ ಗತಿಯೂ ಅಷ್ಟೇ ಆಗುತ್ತಿತ್ತು.

ಅಂಟಿಸಬಹುದಿತ್ತೇ?

ಟ್ಯಾಂಕ್‌ನ ಮೈಮೇಲೆ ಅಚ್ಚಿನಲ್ಲೇ ಪ್ಲಾಸ್ಟಿಕ್‌ನ ಜಾತಿ ಬರೆದಿರುತ್ತದೆ. ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಇವೆರಡರ ಮೇಲ್ಮೈಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ತಾವರೆ ಎಲೆಯ ಮೇಲೆ ನೀರು ಇದ್ದಂತೆ ಅಂಟು ಮೇಲೆಯೇ ಉಳಿಯುತ್ತದೆ. ಪಂಪಿನ ಸುತ್ತ ಮೆತ್ತಿದ್ದ ಎಂ-ಸೀಲ್ ಉಗುರು ತಾಗಿಸಿದ್ದೇ ತಡ ಕೋಡುಬಳೆಯ ಹಾಗೆ ಒಂದೇ ತುಂಡಾಗಿ ಕಳಚಿ ಬಂದದ್ದು ಅದಕ್ಕೇ. ಫೆವಿಕ್ವಿಕ್, ಅರಾಲ್ಡೈಟ್, ಸಿಲಿಕೋನ್ ಎಲ್ಲದರದ್ದೂ ಇದೇ ಹಾಡು, ಕೆಲವು ದಿನ ಹೆಚ್ಚು ಕಡಿಮೆ.

ಹಿಡಿಯುವುದು ಬೆಸುಗೆ. ಅದೇ ಜಾತಿಯ ಪ್ಲಾಸ್ಟಿಕ್‌ನ ತೆಳು ಪಟ್ಟಿ ಕತ್ತರಿಸಿ, ಬಿರುಕಿನ ಎರಡೂ ತುದಿಯಲ್ಲಿ 2 ಮಿ.ಮೀ. ತೂತು ಕೊರೆದು (ಬಿರುಕು ಮುಂದೆ ಓಡದಿರಲು), ಬಿರುಕನ್ನು ‘ವಿ’ ಆಕಾರಕ್ಕೆ ಕೆತ್ತಿ, 25 ವಾಟ್ ಸೋಲ್ಡರಿಂಗ್ ಐರನ್ನಿನಿಂದ ಪಟ್ಟಿ ಮತ್ತು ಮೈ ಎರಡನ್ನೂ ಒಟ್ಟಿಗೆ ಕರಗಿಸಿ ಬೆರೆಸಬೇಕು. ಪಾಲಿಎಥಿಲೀನ್ ಸುಮಾರು 130 ಡಿಗ್ರಿಗೆ ಕರಗುತ್ತದೆ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ. ಒಂದಕ್ಕೆ ಇನ್ನೊಂದು ಬೆರೆಯುವುದಿಲ್ಲ. ಟ್ಯಾಂಕ್ ಒಳಗೂ ಹೊರಗೂ ಪೂರ್ತಿ ಒಣಗಿರಬೇಕು, ಕೆಲಸ ಗಾಳಿಯಾಡುವ ಕಡೆ ಆಗಬೇಕು. ಚಪ್ಪಟೆ ಮೈಯಲ್ಲಿ ಕಲ್ಲು ಬಡಿದು ಆದ ತೂತಿಗೆ ಇದು ವರ್ಷಗಟ್ಟಲೆ ಬಾಳುವ ರಿಪೇರಿ. ಕಿವಿಯ ಬುಡದಲ್ಲಿ, ಭಾರ ಬೀಳುವ ಕಡೆ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಟ್ಯಾಂಕ್ ಸಿಗದ ಮಾದರಿಯಾದರೆ ಮಾತ್ರ ಅಲ್ಲಿ ಪ್ರಯತ್ನಿಸಬಹುದು. ಇಲ್ಲಿ ಬದಲಿಸುವುದೇ ಸರಿ ಎಂದಾಯಿತು.

ಹೊಸ ಟ್ಯಾಂಕ್ ಆರಿಸುವುದು

ಟ್ಯಾಂಕ್ ಖಾಲಿ ಮಾಡಲು ಕೆಳಗೆ ಬಕೆಟ್ ಇಟ್ಟು ಪಂಪನ್ನು ಗ್ರೊಮೆಟ್‌ನಿಂದ ಮೇಲಕ್ಕೆ ಎಳೆದರೆ ಸಾಕು. ಪಂಪಿನ ವೈರ್ ಕನೆಕ್ಟರಿನ ನಾಲಿಗೆ ಒತ್ತಿಯೇ ಕಳಚಬೇಕು. ಪೈಪನ್ನು ನೆಟ್ಟಗೆ ಎಳೆದರೆ ಪಂಪಿನ ಮೂತಿ ಮುರಿಯುತ್ತದೆ, ತಿರುವುತ್ತಾ ಎಳೆಯಬೇಕು. ಗಟ್ಟಿಯಾಗಿ ಹಿಡಿದಿದ್ದರೆ ಬಿಸಿನೀರಿನ ಬಟ್ಟೆ ಸುತ್ತಿ ಒಂದು ನಿಮಿಷ ಬಿಡಿ. ಆಗಲೂ ಬರದಿದ್ದರೆ ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿಬಿಡುವುದು ಲೇಸು, ಪೈಪಿನಲ್ಲಿ ಅಷ್ಟು ಸಡಿಲು ಇದ್ದೇ ಇರುತ್ತದೆ. ಮುಂದಿನ ಮತ್ತು ಹಿಂದಿನ ಗಾಜಿನ ಪೈಪುಗಳಿಗೆ ಕಳಚುವ ಮೊದಲೇ ಟೇಪ್ ಸುತ್ತಿ ಗುರುತು ಹಾಕಿ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮೇಲಿನ ಬೋಲ್ಟ್ ತುಕ್ಕು ಹಿಡಿದಿತ್ತು. ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಕಾಲು ಗಂಟೆ ಬಿಟ್ಟು, ಸ್ವಲ್ಪ ಬಿಗಿ ಸ್ವಲ್ಪ ಸಡಿಲ ಮಾಡುತ್ತಾ ಬಿಚ್ಚಲಾಯಿತು. ಒಂದೇ ಏಟಿಗೆ ತಿರುಗಿಸಿದ್ದರೆ 6 ಮಿ.ಮೀ. ಬೋಲ್ಟ್ ಕಟ್ ಆಗಿ, ಅರ್ಧ ಗಂಟೆಯ ಕೆಲಸ ಅರ್ಧ ದಿನಕ್ಕೆ ಬೆಳೆಯುತ್ತಿತ್ತು.

ಹಳೆಯ ಟ್ಯಾಂಕನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಒಂದೇ ಕಾರಿನ ಬೇರೆ ಬೇರೆ ವರ್ಷ, ಬೇರೆ ಬೇರೆ ವೇರಿಯಂಟ್‌ಗೆ ಟ್ಯಾಂಕ್ ಬೇರೆ ಇರುತ್ತದೆ. ಹಿಂದಿನ ಗಾಜಿಗೂ ವಾಷರ್ ಇದ್ದರೆ ಕೆಲವದರಲ್ಲಿ ಎರಡು ಪಂಪ್, ಎರಡು ತೂತು. ಕೆಲವದರಲ್ಲಿ ಒಂದೇ ಪಂಪಿಗೆ ಎರಡು ಮೂತಿ: ಮೋಟಾರ್ ಒಂದು ದಿಕ್ಕಿಗೆ ತಿರುಗಿದರೆ ಮುಂದೆ, ಎದುರು ದಿಕ್ಕಿಗೆ ತಿರುಗಿದರೆ ಹಿಂದೆ. ನೀರಿನ ಮಟ್ಟ ತಿಳಿಸುವ ಸೆನ್ಸರಿಗೆ ತೂತಿದೆಯೇ, ತುಂಬುವ ಕೊಳವೆ ಜೊತೆಗೇ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಮಾದರಿಯವೂ ಸಿಗುವ ಸಾಧ್ಯತೆ ಹೆಚ್ಚು. ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಹಳೆಯದು ಸಿಕ್ಕರೂ ಅದು ಇಷ್ಟೇ ವಯಸ್ಸಿನ ಪ್ಲಾಸ್ಟಿಕ್ ಎಂಬುದು ನೆನಪಿರಲಿ. ಕೊಳ್ಳುವ ಮೊದಲು ಕಿವಿಗಳನ್ನು ಮೆಲ್ಲಗೆ ಬಗ್ಗಿಸಿ, ಬುಡದಲ್ಲಿ ಬಿಳಿ ಗೆರೆ ಮೂಡಿದರೆ ಅಲ್ಲಿಯೇ ಬಿಟ್ಟು ಬನ್ನಿ.

ಈ ಕಾರಿಗೆ ಸಿಕ್ಕಿದ್ದು ಕಂಪನಿಯದ್ದಲ್ಲದ ಹೊಸ ಟ್ಯಾಂಕ್. ಗೋಡೆ ತಕ್ಕ ದಪ್ಪವಿತ್ತು. ಜೊತೆಗೆ ಹೊಸ ಗ್ರೊಮೆಟ್, ಒಂದು ಸ್ಪ್ರಿಂಗ್ ನಟ್, ಒಂದು ಬೋಲ್ಟ್. ಗ್ರೊಮೆಟ್ ಕೊಳ್ಳುವಾಗ ಹಳೆಯದರ ಹೊರ ಅಳತೆ, ಒಳ ಅಳತೆ ಎರಡನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ನೋಡಿಕೊಳ್ಳಬೇಕು. ಕಣ್ಣಂದಾಜಿಗೆ ಒಂದೇ ಥರ ಕಾಣುವ ಎರಡು ಗ್ರೊಮೆಟ್ ನಡುವೆ ಒಂದು ಮಿ.ಮೀ. ವ್ಯತ್ಯಾಸ ಸಾಕು ಸೋರಲು.

ಕೂರಿಸುವಾಗ ಎಡವಿದ್ದು

ಹೊಸ ಟ್ಯಾಂಕ್‌ಗೆ ಮೊದಲು ನೀರು ಹಾಕಿ ಕುಲುಕಿ ಚೆಲ್ಲಲಾಯಿತು. ಅಚ್ಚಿನ ಸಿಬಿರು ಒಳಗೆ ಉಳಿದಿದ್ದರೆ ನೇರವಾಗಿ ಗಾಜಿಗೆ ನೀರು ಚಿಮ್ಮಿಸುವ ನಾಜಲ್‌ಗೆ ಹೋಗಿ ಕಟ್ಟಿಕೊಳ್ಳುತ್ತದೆ. ಪಂಪಿನ ಮೂತಿಯಲ್ಲೂ ಜಾಲರಿಯಲ್ಲೂ ಬೋರ್‌ವೆಲ್ ನೀರಿನ ಸುಣ್ಣ ಗಟ್ಟಿಯಾಗಿ ಕೂತಿತ್ತು. ವಿನೆಗರ್‌ನಲ್ಲಿ ಮೂತಿ ಮಾತ್ರ ಮುಳುಗುವಂತೆ ಕೆಲವು ಗಂಟೆ ಇಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದಾಗ ನುಣುಪಾಯಿತು. ಮೂತಿ ತರಿತರಿ ಇದ್ದರೆ ಹೊಸ ಗ್ರೊಮೆಟ್ ಸಹ ಸೀಲ್ ಆಗದು.

ಗ್ರೊಮೆಟ್ ಒಣಗಿದ್ದಾಗ ಪಂಪ್ ಒಳಗೆ ಹೋಗುವುದಿಲ್ಲ. ಒತ್ತಾಯಿಸಿದರೆ ರಬ್ಬರಿನ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಸೋಪಿನ ನೀರು ಹಚ್ಚಿ ತಿರುವುತ್ತಾ ಒತ್ತಬೇಕು. ಗ್ರೀಸ್, ಇಂಜಿನ್ ಆಯಿಲ್ ಹಚ್ಚಬಾರದು, ಈ ಜಾತಿಯ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ.

ಟ್ಯಾಂಕನ್ನು ಕಾರಿಗೆ ಏರಿಸುವ ಮೊದಲೇ ನೆಲದ ಮೇಲೆ, ಒಣ ಹಳೆಯ ಪತ್ರಿಕೆಯ ಮೇಲಿಟ್ಟು ಒಂದು ಲೀಟರ್ ನೀರು ಹಾಕಿ ಹತ್ತು ನಿಮಿಷ ಬಿಡಲಾಯಿತು. ಪತ್ರಿಕೆ ಒದ್ದೆಯಾಯಿತು! ಗ್ರೊಮೆಟ್ ಕೂರುವ ತೂತಿನ ಅಂಚಿನಲ್ಲಿ ಅಚ್ಚಿನ ಪ್ಲಾಸ್ಟಿಕ್‌ನ ತೆಳು ಮೀಸೆ ಉಳಿದಿದ್ದು, ರಬ್ಬರ್ ಅದರ ಮೇಲೆ ಹತ್ತಿ ಕೂತಿತ್ತು. ಹರಿತ ಬ್ಲೇಡಿನಿಂದ ಆ ಮೀಸೆ ಹೆರೆದು, ನಯ ಮರಳು ಕಾಗದ ಆಡಿಸಿ ಮತ್ತೆ ಕೂರಿಸಿದ ಮೇಲೆ ಪತ್ರಿಕೆ ಒಣಗಿಯೇ ಉಳಿಯಿತು. ಈ ಹತ್ತು ನಿಮಿಷ ಉಳಿಸಲು ಹೋಗಿದ್ದರೆ ಚಕ್ರ, ಲೈನಿಂಗ್ ಎಲ್ಲ ಮತ್ತೆ ಬಿಚ್ಚಬೇಕಾಗುತ್ತಿತ್ತು.

ಟ್ಯಾಂಕ್ ಏರಿಸಿ, ಸ್ಪ್ರಿಂಗ್ ನಟ್ ಸಿಕ್ಕಿಸಿ, ಎರಡೂ ಬೋಲ್ಟನ್ನು ಮೊದಲು ಕೈಯಿಂದಲೇ ಹಿಡಿಸಿ, ಟ್ಯಾಂಕ್ ಎಲ್ಲಿಯೂ ಎಳೆದುಕೊಂಡಿಲ್ಲ ಎಂದು ನೋಡಿ, ಆಮೇಲೆ ಬಿಗಿ ಮಾಡಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದನ್ನು ಎಳೆದು ಹೊಂದಿಸಿದರೆ ಕಿವಿಯ ಬುಡಕ್ಕೆ ಮೊದಲ ದಿನದಿಂದಲೇ ಒತ್ತಡ. ಪ್ಲಾಸ್ಟಿಕ್ ಕಿವಿಗೆ ರಾಟ್ಚೆಟ್‌ನ ಜೋರು ಬೇಡ. ಬೋಲ್ಟಿನ ತಲೆ ಕೂತ ಮೇಲೆ ಕಾಲು ಸುತ್ತು ಸಾಕು.

ಲೈನಿಂಗ್ ಮುಚ್ಚುವ ಮೊದಲು ಬ್ಯಾಟರಿ ಜೋಡಿಸಿ, ಟ್ಯಾಂಕ್ ತುಂಬಿ, ಲಿವರ್ ಎಳೆದಾಗ ನೀರು ಬಂದದ್ದು ಹಿಂದಿನ ಗಾಜಿಗೆ. ಈ ಕಾರಿನದ್ದು ಎರಡು ಮೂತಿಯ ಒಂದೇ ಪಂಪ್, ಪೈಪಿನ ಗುರುತಿನ ಟೇಪ್ ಒದ್ದೆಯಾಗಿ ಉದುರಿತ್ತು. ಪೈಪುಗಳನ್ನು ಅದಲು ಬದಲು ಮಾಡಿದರೆ ಸರಿಹೋಯಿತು. ಅಂಟು ಟೇಪಿಗಿಂತ ಒಂದು ಪೈಪಿಗೆ ದಾರ ಕಟ್ಟುವುದೇ ವಾಸಿ. ಪಂಪನ್ನು ಒಂದೇ ಸಮ ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ನೀರಿಲ್ಲದೆ ಅಂತೂ ಬೇಡವೇ ಬೇಡ. ಒಳಗಿನ ಸೀಲಿಗೆ ತಂಪು ಕೊಡುವುದು ಆ ನೀರೇ. ಎರಡು ಸೆಕೆಂಡು ಚಿಮ್ಮಿ ಧಾರೆ ಸತ್ತುಹೋದರೆ ಮುಚ್ಚಳದ ಗಾಳಿರಂಧ್ರ ನೋಡಿ.

ನಾಜಲ್‌ನ್ನು ಗುಂಡುಸೂಜಿಯಿಂದ ಹೊಂದಿಸಿ, ಧಾರೆ ವೈಪರ್ ಓಡಾಡುವ ಜಾಗದ ನಡುವಿನಿಂದ ತುಸು ಮೇಲೆ ಬೀಳುವಂತೆ ಮಾಡಲಾಯಿತು. ವೇಗದಲ್ಲಿ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಚಕ್ರ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಕಾರು ನೆಲಕ್ಕೆ ಇಳಿದ ಮೇಲೆ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಕೊನೆಯ ಬಿಗಿ ಕೊಡಲಾಯಿತು.

ಯಾವ ನೀರು ಹಾಕಬೇಕು ಎಂಬುದೂ ಇದೇ ಕೆಲಸದ ಭಾಗ. ಗಡಸು ಬೋರ್‌ವೆಲ್ ನೀರು ಜಾಲರಿಗೂ ನಾಜಲ್‌ಗೂ ಸುಣ್ಣ ಕಟ್ಟಿಸುತ್ತದೆ. ಆರ್‌ಒ ನೀರೋ ಮಳೆನೀರೋ ಸೋಸಿ ಹಾಕಿದರೆ ಆ ಕಾಟ ಇಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ತಲೆಗೆ ಹಾಕುವ ಶಾಂಪೂ ನೊರೆಯೆದ್ದು ಗಾಜಿನ ಮೇಲೆ ಪೊರೆ ಕಟ್ಟುತ್ತವೆ. ವಾಷರ್‌ಗೆಂದೇ ಮಾರುವ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಗೆ ಬೆರೆಸಿ. ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರ ಮಾತು ಬೇರೆ. ಅಲ್ಲಿ ಬರೀ ನೀರು ಹಾಕಿದರೆ ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗಿ ಟ್ಯಾಂಕನ್ನೋ ಪಂಪನ್ನೋ ಸೀಳುತ್ತದೆ. ಚಳಿಗಾಲದ ದ್ರಾವಣವನ್ನೇ ಹಾಕಬೇಕು.

ಸಂಜೆ ಮತ್ತೆ ಬಾಯಿವರೆಗೆ ತುಂಬಿ, ಮುಚ್ಚಳ ತೆರೆದಿಟ್ಟು, ಬೆಳಿಗ್ಗೆ ನೋಡಿದಾಗ ನೀರು ಅಲ್ಲಿಯೇ ನಿಂತಿತ್ತು. ಒಂದು ವಾರ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಮುಟ್ಟಿ ನೋಡಲಾಯಿತು, ಸಡಿಲಾಗಿರಲಿಲ್ಲ. ಮೊದಲ ರಿಪೇರಿಯಲ್ಲಿ ಕೆಟ್ಟಿದೆ ಎಂದು ತೆಗೆದಿಟ್ಟಿದ್ದ ಹಳೆಯ ಪಂಪ್ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಬಿದ್ದಿತ್ತು. ಬಕೆಟ್ ನೀರಿನಲ್ಲಿ ಮೂತಿ ಅದ್ದಿ ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟಾಗ ಆಳೆತ್ತರಕ್ಕೆ ನೀರು ಚಿಮ್ಮಿಸಿತು.